ಗುಳ್ಳೆ ನಿಂತ ಮಾತ್ರಕ್ಕೆ ಮುಚ್ಚಳ ಬಿಗಿಯಬಹುದೆ?

ದೀಪಾವಳಿ ಕಳೆದು ಎಂಟು ಹತ್ತು ದಿನಗಳಾಗಿದ್ದವು. ರಾತ್ರಿ ಒಂದು ಗಂಟೆಯ ಸುಮಾರಿಗೆ ಕೋವಿ ಹಾರಿಸಿದಂಥ ಸದ್ದು ಕೇಳಿ ಮನೆಯವರೆಲ್ಲ ಎದ್ದು ಕುಳಿತೆವು. ಯಾರೋ ಹಂದಿ ಬೆದರಿಸಲು ಈಡು ಹೊಡೆದಿರಬೇಕೆಂದು ನಾನು ಮಗ್ಗುಲು ಬದಲಿಸಿದೆ. ಬೆಳಿಗ್ಗೆ ಅಕ್ಕಿ ತೆಗೆಯಲು ಉಗ್ರಾಣದ ಬಾಗಿಲು ತೆರೆದ ನಮ್ಮ ಮನೆಯಾಕೆ ಅಲ್ಲಿಂದಲೇ ಕೂಗಿಕೊಂಡಳು. ಹೋಗಿ ನೋಡಿದರೆ ನೆಲದ ತುಂಬ ಗಾಜಿನ ಚೂರು, ಗೋಡೆಯ ಮೇಲೆ ಬೆಲ್ಲದ ನೀರಿನ ಗೆರೆ, ಮೂಲೆಯಲ್ಲಿ ಒಟ್ಟಿದ್ದ ಅಡಿಕೆ ಚೀಲದ ಗೋಣಿಯನ್ನು ಸೀಳಿ ನಿಂತ ಬೆರಳುದ್ದದ ಒಂದು ಗಾಜು. ಹಬ್ಬಕ್ಕೆ ಮಾಡಿ ಮಿಕ್ಕಿದ್ದ ಶುಂಠಿ ಪಾನಕವನ್ನು ನಾನೇ ಎರಡು ಹಳೆಯ ಬಾಟಲಿಗಳಿಗೆ ತುಂಬಿ, ಕೆಡಬಾರದೆಂದು ಮುಚ್ಚಳವನ್ನು ಬಲವಾಗಿ ತಿರುಗಿಸಿ, ಬಚ್ಚಲೊಲೆಯ ಗೋಡೆಗೆ ತಾಗಿದ ಕಪಾಟಿನಲ್ಲಿ ಇಟ್ಟಿದ್ದೆ. ಒಂದು ಒಡೆದಿತ್ತು. ಇನ್ನೊಂದು ಒಡೆಯದೆ ಅಲ್ಲೇ ಕುಳಿತಿತ್ತು.

ಆ ಇನ್ನೊಂದನ್ನು ಏನು ಮಾಡುವುದೆಂದು ತಿಳಿಯದೆ ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ತಂಗಿಯ ಮಗನಿಗೆ ಫೋನು ಮಾಡಿದೆ. "ಮಾವ, ಅದನ್ನು ಬರಿಗೈಯಲ್ಲಿ ಮುಟ್ಟಬೇಡಿ. ಅತ್ತೆಯನ್ನೂ ಆಳುಗಳನ್ನೂ ಉಗ್ರಾಣದ ಕಡೆ ಬಿಡಬೇಡಿ. ಒದ್ದೆ ಗೋಣಿ ಮೂರ್ನಾಲ್ಕು ಪದರ ಹೊದಿಸಿ ಬಿಡಿ. ನಾಳೆ ಬೆಳಗಿನ ಜಾವದ ಚಳಿಯಲ್ಲಿ, ಹೆಲ್ಮೆಟ್ ಹಾಕಿಕೊಂಡು, ದಪ್ಪ ಕೈಗವಸು ತೊಟ್ಟು, ಗೋಣಿಯ ಒಳಗಿನಿಂದಲೇ ಮುಚ್ಚಳವನ್ನು ಸ್ವಲ್ಪ ಸ್ವಲ್ಪವಾಗಿ ಸಡಿಲಿಸಿ" ಎಂದ. ಹಾಗೆಯೇ ಮಾಡಿದೆ. ಹೆಲ್ಮೆಟ್ ಧರಿಸಿ ಉಗ್ರಾಣ ಹೊಕ್ಕ ಯಜಮಾನನನ್ನು ಕಂಡು ನಮ್ಮ ನಾಯಿ ಬೊಗಳಿತು. ಮುಚ್ಚಳ ಒಂದು ಸುತ್ತು ಸಡಿಲವಾದಾಗ ಬಂದ 'ಬುಸ್' ಎಂಬ ಸದ್ದು ಅರ್ಧ ನಿಮಿಷ ನಿಲ್ಲಲಿಲ್ಲ.

ಅಳಿಯನಿಗೆ ಈ ವಿಚಾರ ಹೇಗೆ ತಿಳಿಯಿತೆಂದು ಕೇಳಿದೆ. ಅವನು ಕೆಲವು ವರ್ಷ ಅಮೆರಿಕದಲ್ಲಿದ್ದಾಗ ರಜಾದಿನಗಳಲ್ಲಿ ಮನೆಯಲ್ಲೇ ಬಿಯರು ತಯಾರಿಸುತ್ತಿದ್ದನಂತೆ. ಬಾಟಲಿ ಸಿಡಿಯುವುದು ಅವನಿಗೂ ಆದ ಅನುಭವವೇ. "ಬೆಂಗಳೂರಿಗೆ ಬಂದಾಗ ಬನ್ನಿ, ಪೂರ್ತಿ ತೋರಿಸುತ್ತೇನೆ" ಎಂದ. ಮುಂದಿನ ತಿಂಗಳು ಕಣ್ಣಿನ ತಪಾಸಣೆಗೆ ಹೋದಾಗ ಎರಡು ದಿನ ಅವನಲ್ಲೇ ಉಳಿದು, ನೋಡಿ ಕೇಳಿ ಬಂದದ್ದನ್ನು ಬೆಳೆಗಾರ ಬಂಧುಗಳ ಮುಂದೆ ಇಡುತ್ತಿದ್ದೇನೆ.

ಕಾಫಿ, ಅಡಿಕೆಯ ಪತ್ರಿಕೆಯಲ್ಲಿ ಬಿಯರಿನ ಮಾತೇಕೆ ಎಂದು ಹಿರಿಯರು ಹುಬ್ಬು ಗಂಟಿಕ್ಕಬಹುದು. ಕಾರಣವಿದೆ. ನಮ್ಮಲ್ಲಿ ಹಲವರು ಹೋಂಸ್ಟೇ ನಡೆಸುತ್ತಿದ್ದಾರೆ. ಬಂದ ಅತಿಥಿಗಳು 'ಮನೆಯಲ್ಲೇ ಮಾಡಿದ್ದು' ಏನಾದರೂ ಇದೆಯೇ ಎಂದು ಕೇಳುತ್ತಾರೆ. ಶುಂಠಿಯ ಬೆಲೆ ಬಿದ್ದ ವರ್ಷ ಅದರಿಂದ ಪಾನೀಯ ಮಾಡೋಣವೇ, ಹಲಸು ಕೊಳೆಯುವ ಕಾಲಕ್ಕೆ ಅದನ್ನು ಹುದುಗಿಸೋಣವೇ ಎಂಬ ಯೋಚನೆ ಬಾರದವರು ಕಡಿಮೆ. ನಗರದಲ್ಲಿರುವ ಮಕ್ಕಳು ಬಿಯರು ತಯಾರಿಕೆಯ ಸಾಮಾನು ಹಿಡಿದು ಊರಿಗೆ ಬರುವುದೂ ಉಂಟು. ಹುದುಗುವ ಯಾವ ದ್ರವವನ್ನೇ ಆಗಲಿ, ಮುಚ್ಚಳ ಬಿಗಿಯುವ ಮೊದಲು ಹದ ತಿಳಿಯಬೇಕು. ಆ ಹದವನ್ನು ಅತ್ಯಂತ ಕಟ್ಟುನಿಟ್ಟಾಗಿ ಅಳೆಯುವವರು ಬಿಯರು ತಯಾರಿಸುವವರು. ಆದ್ದರಿಂದ ಅವರಿಂದಲೇ ಕಲಿಯೋಣ.

ಮೊದಲು ಕಾನೂನಿನ ಮಾತು

ನಮ್ಮ ರಾಜ್ಯದಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆಯಂತೆ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಮದ್ಯವೆಂದರೆ ಸಾರಾಯಿ ಮಾತ್ರ ಎಂದು ತಿಳಿಯಬೇಡಿ. ಬಿಯರು, ವೈನು, ಹೆಂಡ, ಒಟ್ಟಿನಲ್ಲಿ ಮದ್ಯಸಾರವಿರುವ ದ್ರವವೆಲ್ಲ ಕಾಯ್ದೆಯ ಕಣ್ಣಿಗೆ ಮದ್ಯವೇ. 'ನಮ್ಮ ತೋಟದ ಹಣ್ಣು, ನಮ್ಮ ಮನೆಯ ಭರಣಿ' ಎಂಬ ವಾದ ಅಲ್ಲಿ ನಡೆಯದು. ಅತಿಥಿಗಳಿಗೆ ಕೊಟ್ಟು ಹಣ ಪಡೆದರಂತೂ ಇನ್ನೂ ತೊಡಕು.

ಅಮೆರಿಕದಲ್ಲಿ ಹಾಗಲ್ಲ. 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ, ಮನೆ ಬಳಕೆಗೆ ತಯಾರಿಸುವ ಬಿಯರಿಗೆ ಕೇಂದ್ರ ತೆರಿಗೆಯ ತಡೆ ಹೋಯಿತು. ವಯಸ್ಕರು ಒಬ್ಬರೇ ಇರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಮಂದಿ ಇದ್ದರೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್, ಮಾರುವಂತಿಲ್ಲ. ಇಂಗ್ಲೆಂಡಿನಲ್ಲಿ 1963ರಿಂದಲೇ ಮನೆ ಬಿಯರಿಗೆ ಲೈಸೆನ್ಸು ಬೇಡ. ನಮ್ಮ ಅಳಿಯನೂ ಅಲ್ಲಿದ್ದಾಗ ಮಾಡುತ್ತಿದ್ದ, ಇಲ್ಲಿಗೆ ಬಂದ ಮೇಲೆ ಬಿಟ್ಟ. ಅವನ ಅಟ್ಟದ ಮೇಲೆ ಖಾಲಿ ಡ್ರಮ್ಮು ಮತ್ತು ಒಂದು ಗಾಜಿನ ಕಡ್ಡಿ ಮಾತ್ರ ಉಳಿದಿವೆ. ಈಗ ಅವನಿಗೆ ಚಪಲ ಹುಟ್ಟಿದರೆ ವೈಟ್‌ಫೀಲ್ಡಿನಲ್ಲೇ ಪರವಾನಗಿ ಪಡೆದ ಕಿರು ಬ್ರೂವರಿಗಳಿವೆ. ಅಂಥ ಒಂದರಲ್ಲಿ ಕೆಲಸ ಮಾಡುವ ಸ್ನೇಹಿತನ ಬಳಿಗೇ ನನ್ನನ್ನು ಕರೆದುಕೊಂಡು ಹೋದ.

ವೈಟ್‌ಫೀಲ್ಡ್ ಎಂದರೆ ಇಂದು ನಮಗೆ ಗಾಜಿನ ಕಟ್ಟಡಗಳ ಊರು. ಆದರೆ ಅದು ಹುಟ್ಟಿದ್ದು ಬೇಸಾಯದ ಊರಾಗಿ. 1882ರಲ್ಲಿ ಮೈಸೂರಿನ ಹತ್ತನೇ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ ಸಮುದಾಯದವರಿಗೆ ಅಲ್ಲಿ ನೆಲೆಸಿ ಕೃಷಿ ಮಾಡಲು ಸುಮಾರು 3,900 ಎಕರೆ ಭೂಮಿ ನೀಡಿದರು. ಅದನ್ನು ಪಡೆದ ಸಂಘದ ಹೆಸರು 'ಮೈಸೂರು ಮತ್ತು ಕೊಡಗಿನ' ಯುರೇಷಿಯನ್ ಹಾಗೂ ಆಂಗ್ಲೋ ಇಂಡಿಯನ್ ಸಂಘ. ಅದರ ಮುಂದಾಳು ಡಿ. ಎಸ್. ವೈಟ್ ಅವರ ಹೆಸರೇ ಊರಿಗೂ ಬಂತು. ಆ ಸಮುದಾಯದ ಮನೆಗಳ ಅಡುಗೆಯಲ್ಲಿ ಕ್ರಿಸ್‌ಮಸ್ ಕಾಲದ ದ್ರಾಕ್ಷಿ ವೈನು, ಶುಂಠಿ ಬಿಯರು ಹಳೆಯ ಪರಿಚಿತರು. ನನ್ನ ಪಾನಕದ ಬಾಟಲಿ ಏಕೆ ಸಿಡಿಯಿತೆಂದು ಕೇಳಲು ಇದಕ್ಕಿಂತ ಒಳ್ಳೆಯ ಊರು ಸಿಗಲಾರದು!

ಬಾಟಲಿಯೊಳಗೆ ನಡೆಯುವುದೇನು?

ಬಿಯರಿನ ಮೂಲ ಸರಳ. ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸುತ್ತಾರೆ. ನಮ್ಮ ರಾಗಿ ಮಾಲ್ಟಿನಂತೆಯೇ ಇದು. ಅದನ್ನು ಒಡೆದು ಬಿಸಿನೀರಿನಲ್ಲಿ ನೆನೆಸಿದರೆ ಸಿಹಿ ರಸ ಬರುತ್ತದೆ. ಆ ರಸವನ್ನು ಕಹಿಗಾಗಿ ಹಾಪ್ಸ್ ಹೂವು ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸುತ್ತಾರೆ. ಯೀಸ್ಟ್ ಎಂಬ ಸೂಕ್ಷ್ಮಜೀವಿ ಸಕ್ಕರೆಯನ್ನು ತಿಂದು ಎರಡು ವಸ್ತುಗಳನ್ನು ಹೊರಹಾಕುತ್ತದೆ: ಒಂದು ಮದ್ಯಸಾರ, ಇನ್ನೊಂದು ಇಂಗಾಲದ ಡೈ ಆಕ್ಸೈಡ್ ಅನಿಲ. ತೂಕದಲ್ಲಿ ಸರಿಸುಮಾರು ಅರ್ಧಕ್ಕರ್ಧ. 100 ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೆ ಸುಮಾರು 25 ಲೀಟರ್ ಅನಿಲ ಹುಟ್ಟುತ್ತದೆ.

ಈ ಲೆಕ್ಕ ಕೇಳಿದಾಗ ನನ್ನ ಎದೆ ಧಸಕ್ಕೆಂದಿತು. ನನ್ನ ಒಂದೊಂದು ಬಾಟಲಿಯಲ್ಲೂ 100 ಗ್ರಾಮಿಗೆ ಕಡಿಮೆಯಿಲ್ಲದಷ್ಟು ಬೆಲ್ಲವಿತ್ತು. ಅದರಲ್ಲಿ ಹತ್ತನೆಯ ಒಂದು ಪಾಲು ಹುದುಗಿದರೂ ಎರಡೂವರೆ ಲೀಟರ್ ಅನಿಲ, ಅದೂ ಮುಕ್ಕಾಲು ಲೀಟರಿಗೂ ಕಡಿಮೆಯ ಬಾಟಲಿಯೊಳಗೆ! ಯೀಸ್ಟನ್ನು ನಾನು ಹಾಕಿರಲಿಲ್ಲ ನಿಜ. ಶುಂಠಿಯ ಸಿಪ್ಪೆಯ ಮೇಲೆ ಅದು ತಾನಾಗಿಯೇ ಇರುತ್ತದೆ. ಪಾಕ ಗಟ್ಟಿಯಾಗಿದ್ದಿದ್ದರೆ ಅದು ಸುಲಭವಾಗಿ ಬೆಳೆಯುತ್ತಿರಲಿಲ್ಲ. ನಾನು ನೀರು ಬೆರೆಸಿ ಅದಕ್ಕೆ ಹೊಲ ಹದ ಮಾಡಿ ಕೊಟ್ಟಿದ್ದೆ. ಒಲೆಯ ಗೋಡೆಯ ಬಿಸಿ ಉಳಿದ ಕೆಲಸ ಮಾಡಿತು.

ಬಿಯರಿನಲ್ಲಿ ನೊರೆ ಬರಲು ಸ್ವಲ್ಪ ಅನಿಲ ಬೇಕೇ ಬೇಕು. ಸಾಮಾನ್ಯ ಬಿಯರಿನ ಒಂದು ಲೀಟರಿನಲ್ಲಿ ಸುಮಾರು ಎರಡೂವರೆ ಲೀಟರ್ ಅನಿಲ ಕರಗಿರುತ್ತದೆ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇದು ಬಾಟಲಿಯ ಗೋಡೆಯ ಮೇಲೆ ಹಾಕುವ ಒತ್ತಡ ಚದರ ಅಂಗುಲಕ್ಕೆ ಸುಮಾರು 27 ಪೌಂಡು. ಹೆಚ್ಚು ಕಡಿಮೆ ನಮ್ಮ ಜೀಪಿನ ಟೈರಿನ ಗಾಳಿಯಷ್ಟು. ಅದೇ ಬಾಟಲಿ 30 ಡಿಗ್ರಿಯ ಕೋಣೆಯಲ್ಲಿದ್ದರೆ 40 ಪೌಂಡಿಗೆ ಏರುತ್ತದೆ. ಬಿಯರಿಗೆಂದೇ ಮಾಡಿದ ಗಟ್ಟಿ ಬಾಟಲಿ ಇಷ್ಟನ್ನು ತಾಳುತ್ತದೆ. ಇದಕ್ಕಿಂತ ಬಹಳ ಮೇಲೆ ಹೋದರೆ ತಾಳದು.

ಆರು ಬಾಟಲಿಯ ಕತೆ

ಅಳಿಯ ಅಮೆರಿಕದಲ್ಲಿ ಎರಡನೆಯ ಸಲ ಬಿಯರು ಮಾಡಿದಾಗಿನ ಕತೆಯಿದು. ಡ್ರಮ್ಮಿನ ಮೇಲೆ ಅನಿಲ ಹೊರಹೋಗಲು ನೀರು ತುಂಬಿದ ಒಂದು ಸಣ್ಣ ಕೊಳವೆ ಇರುತ್ತದೆ. ಏರ್‌ಲಾಕ್ ಎನ್ನುತ್ತಾರೆ. ಅನಿಲ ಹೊರಟಾಗಲೆಲ್ಲ ಅದರಲ್ಲಿ ಗುಳ್ಳೆ ಏಳುತ್ತದೆ. ಮೊದಲ ಮೂರು ದಿನ ಗುಳ್ಳೆ ಸಡಗರದಿಂದ ಎದ್ದವು. ಐದನೆಯ ದಿನ ನಿಧಾನವಾದವು. ಏಳನೆಯ ದಿನ ನಿಂತವು. ಕೊಂಡು ತಂದ ಪೊಟ್ಟಣದ ಮೇಲೂ 'ಏಳು ದಿನ' ಎಂದೇ ಇತ್ತು. ಗುಳ್ಳೆಯೂ ಹೇಳಿತು, ಪೊಟ್ಟಣವೂ ಹೇಳಿತು. ಇವನು ಬಾಟಲಿ ತುಂಬಿ, ನೊರೆಗೆಂದು ಅಳತೆಯ ಸಕ್ಕರೆ ಹಾಕಿ, ಮುಚ್ಚಳ ಒತ್ತಿ, ಬಟ್ಟೆಯ ಕಪಾಟಿನಲ್ಲಿಟ್ಟ. ಎರಡನೆಯ ವಾರ ಒಂದು ಒಡೆಯಿತು. ಅದರ ಹೊಡೆತಕ್ಕೆ ಪಕ್ಕದವು ಐದು ಒಡೆದವು. ಕಪಾಟಿನ ಬಾಗಿಲು ಮುಚ್ಚಿದ್ದರಿಂದ ಬಟ್ಟೆಗಳಷ್ಟೇ ಹಾಳಾದವು.

"ಅವತ್ತು ಗಾಜಿನ ಕಡ್ಡಿ ಪೆಟ್ಟಿಗೆಯಲ್ಲೇ ಇತ್ತು ಮಾವ. ಅದನ್ನು ಇಳಿಬಿಟ್ಟು ನೋಡುವುದಕ್ಕೆ ಐದು ನಿಮಿಷ ಸಾಕಿತ್ತು" ಎಂದ. ಒಡೆಯದೆ ಉಳಿದ ಬಾಟಲಿಗಳನ್ನು ಜೋಪಾನವಾಗಿ ತೆರೆದು ಅಳೆದಾಗ ಗೊತ್ತಾಯಿತಂತೆ, ಬಾಟಲಿ ತುಂಬಿದ ದಿನ ಹುದುಗುವುದು ಮುಗಿದೇ ಇರಲಿಲ್ಲ. ಕೆಲಸ ಅರ್ಧಕ್ಕೆ ನಿಂತಿತ್ತು.

ಗುಳ್ಳೆ ಏಕೆ ಸುಳ್ಳು ಹೇಳುತ್ತದೆ?

ಬ್ರೂವರಿಯ ಸ್ನೇಹಿತರು ಇದನ್ನು ಬಿಡಿಸಿ ಹೇಳಿದರು. ಡ್ರಮ್ಮಿನ ಮುಚ್ಚಳ ಒಂದು ಕೂದಲೆಳೆಯಷ್ಟು ಸಡಿಲವಿದ್ದರೂ ಅನಿಲ ಅಲ್ಲಿಂದ ಹೋಗುತ್ತದೆ. ಒಳಗೆ ಹುದುಗುತ್ತಿದ್ದರೂ ಗುಳ್ಳೆ ಕಾಣದು. ಇದಕ್ಕೆ ಉಲ್ಟಾ ಕೂಡ ಉಂಟು. ಹುದುಗುವುದು ಮುಗಿದ ಮೇಲೂ ಮಧ್ಯಾಹ್ನದ ಬಿಸಿಗೆ ಕರಗಿದ್ದ ಅನಿಲ ಮೇಲೆದ್ದು ಗುಳ್ಳೆ ಬರುತ್ತದೆ. ಚಳಿಯ ರಾತ್ರಿ ಒಳಗಿನ ಗಾಳಿ ಕುಗ್ಗಿ ಹೊರಗಿನ ಗಾಳಿಯನ್ನೇ ಎಳೆದುಕೊಳ್ಳುವುದೂ ಇದೆ. ಆದ್ದರಿಂದ ಗುಳ್ಳೆ ಕೆಲಸ ಶುರುವಾಗಿದೆ ಎಂದು ಹೇಳಬಲ್ಲದು, ಮುಗಿದಿದೆ ಎಂದು ಹೇಳಲಾರದು.

ಕ್ಯಾಲೆಂಡರಿಗೂ ಇದೇ ಮಾತು. ನಾವು ಅರೇಬಿಕಾ ಪಲ್ಪ್ ಮಾಡಿ ತೊಟ್ಟಿಯಲ್ಲಿ ಬಿಟ್ಟಾಗ 24ರಿಂದ 36 ಗಂಟೆ ಎನ್ನುತ್ತೇವೆ. ಆದರೆ ಗಡಿಯಾರ ನೋಡಿ ತೊಳೆಯುವವರು ಯಾರಿದ್ದಾರೆ? ಕೈಹಾಕಿ ಬೀಜ ಉಜ್ಜಿ, ಲೋಳೆ ಹೋಗಿ ಮರಳು ಕಲ್ಲಿನಂತೆ ಕರಕರ ಎಂದಮೇಲೆ ತಾನೆ ತೊಳೆಯುವುದು? ಚಳಿ ಹೆಚ್ಚಾದ ವರ್ಷ ತಡವಾಗುತ್ತದೆ, ಸೆಕೆಗೆ ಬೇಗ ಆಗುತ್ತದೆ. ಬಿಯರೂ ಹಾಗೆಯೇ. ವ್ಯತ್ಯಾಸ ಒಂದೇ. ಕಾಫಿಯ ಹದ ಕೈಗೆ ಸಿಗುತ್ತದೆ, ಬಿಯರಿನ ಹದ ಕೈಗೂ ಸಿಗದು, ಕಣ್ಣಿಗೂ ಸಿಗದು. ಅದಕ್ಕೆ ಅಳತೆಯ ಕಡ್ಡಿ ಬೇಕು.

ಲ್ಯಾಕ್ಟೋಮೀಟರಿನ ಅಣ್ಣ

ಆ ಗಾಜಿನ ಕಡ್ಡಿಯ ಹೆಸರು ಹೈಡ್ರೋಮೀಟರ್. ಹಾಲಿನ ಡೈರಿಗೆ ಹಾಲು ಹಾಕುವವರಿಗೆ ಲ್ಯಾಕ್ಟೋಮೀಟರ್ ಗೊತ್ತು. ಇದು ಅದರ ಅಣ್ಣ. ಲ್ಯಾಕ್ಟೋಮೀಟರ್ 28 ತೋರಿಸಿದರೆ ಹಾಲಿನ ಸಾಂದ್ರತೆ 1.028 ಎಂದರ್ಥ. ಶುದ್ಧ ನೀರು 1.000. ಸಕ್ಕರೆ ಕರಗಿದ್ದರೆ ದ್ರವ ದಪ್ಪವಾಗಿ ಕಡ್ಡಿ ಮೇಲೆ ತೇಲುತ್ತದೆ. ಯೀಸ್ಟ್ ಸಕ್ಕರೆ ತಿಂದಂತೆ, ನೀರಿಗಿಂತ ಹಗುರಾದ ಮದ್ಯಸಾರ ಹುಟ್ಟಿದಂತೆ, ಕಡ್ಡಿ ಮುಳುಗುತ್ತ ಹೋಗುತ್ತದೆ. ಎಷ್ಟು ಮುಳುಗಿತೋ ಅಷ್ಟು ಸಕ್ಕರೆ ಖರ್ಚಾಗಿದೆ. ಲೆಕ್ಕ ಇಷ್ಟೇ.

ಬ್ರೂವರಿಯವರು ತಮ್ಮ ದಿನಚರಿಯ ಪುಸ್ತಕ ತೋರಿಸಿದರು. ಒಂದು ತೊಟ್ಟಿಯ ಅಂಕಿಗಳು ಹೀಗಿದ್ದವು: ಯೀಸ್ಟ್ ಹಾಕಿದ ದಿನ 1.050, ಮೂರನೆಯ ದಿನ 1.021, ಐದನೆಯ ದಿನ 1.012, ಏಳನೆಯ ದಿನ 1.010, ಎಂಟನೆಯ ದಿನ 1.010, ಒಂಬತ್ತನೆಯ ದಿನ ಮತ್ತೆ 1.010. ಮೊದಲ ಅಂಕಿಯಿಂದ ಕೊನೆಯದನ್ನು ಕಳೆದು 131 ರಿಂದ ಗುಣಿಸಿದರೆ ಮದ್ಯಸಾರದ ಶೇಕಡಾ ಪ್ರಮಾಣ ಸಿಗುತ್ತದೆ. ಇಲ್ಲಿ ಅದು ಶೇಕಡಾ 5ಕ್ಕೆ ಸ್ವಲ್ಪ ಹೆಚ್ಚು. ಆದರೆ ನಾವು ನೋಡಬೇಕಾದದ್ದು ಮದ್ಯಸಾರವನ್ನಲ್ಲ, ಕೊನೆಯ ಮೂರು ಅಂಕಿಗಳನ್ನು. ಮೂರೂ ಒಂದೇ.

ಅಲ್ಲಿಯೇ ನನಗೆ ನಮ್ಮ ಕಣದ ನೆನಪಾಯಿತು. ಕಾಫಿ ಒಣಗಿತೇ ಇಲ್ಲವೇ ಎಂದು ತಿಳಿಯಲು ನಾವು ಫೋರ್ಲಿಟ್ ಡಬ್ಬದಲ್ಲಿ ತುಂಬಿ ತೂಗುತ್ತೇವೆ. ಇಂದಿನ ತೂಕಕ್ಕಿಂತ ನಾಳೆಯದು ಕಡಿಮೆಯಾದರೆ ಇನ್ನೂ ಒಣಗುತ್ತಿದೆ ಎಂದರ್ಥ. ಎರಡು ದಿನ ಒಂದೇ ತೂಕ ಬಂದರೆ ಒಣಗಿತು, ಚೀಲಕ್ಕೆ ತುಂಬಬಹುದು. ಒಂದು ತೂಕ ಏನನ್ನೂ ಹೇಳದು. ತೂಕ ಬದಲಾಗದಿರುವುದೇ ಹದದ ಗುರುತು. ಬಿಯರಿಗೂ ಅದೇ ನ್ಯಾಯ. ಮೂರು ದಿನ ಒಂದೇ ಅಂಕಿ ಬರಬೇಕು. ಇದನ್ನು ಹೇಳಿದಾಗ ಬ್ರೂವರಿಯವರು ನಕ್ಕು, "ಹಾಗಾದರೆ ನಿಮಗೆ ನಾನು ಹೇಳಿಕೊಡುವುದೇನೂ ಉಳಿದಿಲ್ಲ" ಎಂದರು.

ಅಳೆಯುವಾಗ ಕೆಲವು ಎಚ್ಚರಿಕೆ ಬೇಕು. ಮಾದರಿಯನ್ನು ತೆಗೆಯುವ ಪಾತ್ರೆ ಶುದ್ಧವಿರಬೇಕು. ಅದರಲ್ಲಿನ ಅನಿಲವನ್ನು ಕಲಕಿ ಹೊರಹಾಕಬೇಕು. ಇಲ್ಲವಾದರೆ ಗುಳ್ಳೆಗಳು ಕಡ್ಡಿಗೆ ಅಂಟಿ ಅದನ್ನು ಎತ್ತಿಹಿಡಿಯುತ್ತವೆ. ಕಡ್ಡಿಯನ್ನು ಒಮ್ಮೆ ತಿರುಗಿಸಿ ಬಿಟ್ಟು, ಕಣ್ಣಿನ ಮಟ್ಟದಲ್ಲಿ ಓದಬೇಕು. ಕಡ್ಡಿಗಳು ಸಾಮಾನ್ಯವಾಗಿ 20 ಡಿಗ್ರಿ ಉಷ್ಣತೆಗೆ ಹೊಂದಿಸಿದವು. 28 ಡಿಗ್ರಿಯ ದ್ರವದಲ್ಲಿ ಓದಿದರೆ 0.002ರಷ್ಟು ಕಡಿಮೆ ತೋರಿಸುತ್ತದೆ, ಅದನ್ನು ಕೂಡಿಸಿಕೊಳ್ಳಬೇಕು. ಒಂದು ದಿನ ಬೆಳಿಗ್ಗೆ, ಇನ್ನೊಂದು ದಿನ ಮಧ್ಯಾಹ್ನ ಓದಿ ತಾಳೆ ನೋಡುವುದು ಸರಿಯಲ್ಲ. ತೆಗೆದ ಮಾದರಿಯನ್ನು ಮತ್ತೆ ಡ್ರಮ್ಮಿಗೆ ಸುರಿಯಬಾರದು.

ಮುಗಿದಿದೆಯೋ, ಮಲಗಿದೆಯೋ?

ಇಲ್ಲಿ ಒಂದು ಸೂಕ್ಷ್ಮವಿದೆ. ಮಲೆನಾಡಿನವರಾದ ನಾವು ಇದನ್ನು ಗಮನವಿಟ್ಟು ಕೇಳಬೇಕು. ಅಂಕಿ ಮೂರು ದಿನ ಒಂದೇ ಆಗಿದ್ದರೂ ಅದು ಎತ್ತರದಲ್ಲೇ, ಅಂದರೆ 1.018 ಅಥವಾ 1.022ರಲ್ಲಿ ನಿಂತಿದ್ದರೆ ಸಂಶಯಪಡಬೇಕು. ಯೀಸ್ಟ್ ಕೆಲಸ ಮುಗಿಸಿಲ್ಲ, ಚಳಿಗೆ ಮುದುಡಿ ಮಲಗಿರಬಹುದು. ಸಾಮಾನ್ಯ ಏಲ್ ಬಿಯರಿನ ಯೀಸ್ಟಿಗೆ 18ರಿಂದ 22 ಡಿಗ್ರಿ ಹಿತ. ವೈಟ್‌ಫೀಲ್ಡಿನ ಫ್ಲಾಟಿನಲ್ಲಿ ವರ್ಷದ ಹೆಚ್ಚು ಕಾಲ ಅದಕ್ಕಿಂತ ಸೆಕೆಯೇ ಹೆಚ್ಚು, ಅಲ್ಲಿ ಅದು ಅವಸರದಿಂದ ಓಡುತ್ತದೆ. ನಮ್ಮಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಯೀಸ್ಟ್ ತಳಕ್ಕಿಳಿದು ಸುಮ್ಮನಾಗುತ್ತದೆ. ದ್ರವ ತಿಳಿಯಾಗಿ ಕಾಣುತ್ತದೆ. ಆಯಿತೆಂದು ಬಾಟಲಿ ಬಿಗಿದರೆ, ಮಾರ್ಚಿನ ಬಿಸಿಲಿಗೆ ಅದು ಎಚ್ಚರಗೊಂಡು ಉಳಿದ ಸಕ್ಕರೆಗೆ ಕೈಹಾಕುತ್ತದೆ.

ಸಾಂದ್ರತೆ 0.002ರಷ್ಟು ಇಳಿದರೆ ಒಂದು ಲೀಟರಿನಲ್ಲಿ ಸುಮಾರು ಒಂದು ಲೀಟರ್ ಅನಿಲ ಹುಟ್ಟುತ್ತದೆಂದು ಲೆಕ್ಕ. 1.010ರಲ್ಲಿ ನಿಲ್ಲಬೇಕಾದದ್ದನ್ನು 1.018ರಲ್ಲೇ ಬಾಟಲಿ ಮಾಡಿದರೆ ನಾಲ್ಕು ಲೀಟರ್ ಹೆಚ್ಚುವರಿ. ನೊರೆಗೆಂದು ಇರುವ ಎರಡೂವರೆಯೂ ಸೇರಿ ಆರೂವರೆ. ಆಗ 20 ಡಿಗ್ರಿಯಲ್ಲೇ ಒತ್ತಡ 90 ಪೌಂಡು ದಾಟುತ್ತದೆ. ಲಾರಿ ಟೈರಿನ ಗಾಳಿಯನ್ನು ಗಾಜಿನ ಬಾಟಲಿಗೆ ತುಂಬಿದಂತೆ! ಅಳಿಯನ ಕಪಾಟಿನಲ್ಲಿ ಆದದ್ದು ಇದೇ.

ಈ ಸಂಶಯ ಪರಿಹರಿಸಲು ಒಂದು ಸುಲಭ ಪರೀಕ್ಷೆ ಇದೆ. ಯೀಸ್ಟ್ ಹಾಕುವ ದಿನವೇ ಒಂದು ಲೋಟದಷ್ಟು ರಸವನ್ನು ಬೇರೆ ತೆಗೆದು, ಅದಕ್ಕೆ ಧಾರಾಳವಾಗಿ ಯೀಸ್ಟ್ ಹಾಕಿ, ಹತ್ತಿ ಮುಚ್ಚಿ, ಬೆಚ್ಚಗಿನ ಜಾಗದಲ್ಲಿಟ್ಟು ಆಗಾಗ ಅಲುಗಾಡಿಸುತ್ತಿರಬೇಕು. ಎರಡು ಮೂರು ದಿನಗಳಲ್ಲಿ ಅದು ಎಷ್ಟು ಇಳಿಯಬಲ್ಲದೋ ಅಷ್ಟೂ ಇಳಿಯುತ್ತದೆ. ಆ ಅಂಕಿಯೇ ಗುರಿ. ದೊಡ್ಡ ಡ್ರಮ್ಮು ಆ ಗುರಿ ಮುಟ್ಟಿ, ಅಲ್ಲಿ ಮೂರು ದಿನ ನಿಂತರೆ ಮುಗಿದಂತೆ. ಮುಟ್ಟದಿದ್ದರೆ ಡ್ರಮ್ಮನ್ನು ಬೆಚ್ಚಗಿನ ಕೋಣೆಗೆ ಸರಿಸಿ, ತಳದ ಯೀಸ್ಟನ್ನು ಮೆಲ್ಲಗೆ ಕಲಕಿ, ಕಾಯಬೇಕು. ಕಾಯುವುದರಿಂದ ಕೆಡುವುದು ಕಡಿಮೆ, ಅವಸರದಿಂದ ಕೆಡುವುದೇ ಹೆಚ್ಚು.

ಮೂಗಿಗೂ ಒಂದು ಕೆಲಸವಿದೆ. ಹೊಸ ಬಿಯರಿನಲ್ಲಿ ಬೆಣ್ಣೆಯಂಥ ವಾಸನೆ ಇದ್ದರೆ ಯೀಸ್ಟ್ ಇನ್ನೂ ತನ್ನ ಅಡುಗೆಮನೆಯನ್ನು ಗುಡಿಸಿ ಮುಗಿಸಿಲ್ಲ ಎಂದರ್ಥ. ಇನ್ನೆರಡು ಮೂರು ದಿನ ಬಿಡಬೇಕು. ಹುಳಿ ವಾಸನೆ, ಮೇಲೆ ತೆಳ್ಳಗಿನ ಕೆನೆ ಕಂಡರೆ ಬೇರೆ ಜೀವಿಗಳು ಸೇರಿಕೊಂಡಿವೆ. ಅವು ಯೀಸ್ಟ್ ಬಿಟ್ಟ ಸಕ್ಕರೆಯನ್ನೂ ತಿನ್ನಬಲ್ಲವು. ಅಂಥದ್ದನ್ನು ಬಾಟಲಿ ಮಾಡುವುದೇ ಬೇಡ, ಚೆಲ್ಲುವುದೇ ಸರಿ.

ಕುಕ್ಕರಿಗೆ ಸೀಟಿ ಇದೆ, ಬಾಟಲಿಗೆ ಇಲ್ಲ

ಕಿರು ಬ್ರೂವರಿಯಲ್ಲಿ ನಾನು ಗಮನಿಸಿದ್ದು ಅಲ್ಲಿ ಗಾಜಿನ ಬಾಟಲಿಯೇ ಇಲ್ಲದಿರುವುದನ್ನು. ಬಿಯರು ತೊಟ್ಟಿಯಿಂದ ನೇರ ಲೋಟಕ್ಕೆ. ತೊಟ್ಟಿಗಳು ದಪ್ಪ ಸ್ಟೀಲಿನವು, ಸುತ್ತಲೂ ತಂಪು ನೀರು ಹರಿಯುವ ಇನ್ನೊಂದು ಗೋಡೆ, ಮೇಲೆ ಒತ್ತಡ ಮಿತಿ ಮೀರಿದರೆ ತಾನಾಗಿ ತೆರೆಯುವ ಕವಾಟ. ಮರುದಿನ ಅಳಿಯ ಪೀಣ್ಯದಲ್ಲಿ ಸ್ಟೀಲ್ ಪಾತ್ರೆ, ತೊಟ್ಟಿ ಮಾಡುವ ವರ್ಕ್‌ಶಾಪಿನ ಪರಿಚಿತರೊಬ್ಬರಲ್ಲಿಗೆ ಕರೆದೊಯ್ದ. ಬೆಸುಗೆಯ ಕಿಡಿಗಳ ನಡುವೆ ಅವರು ಹೇಳಿದ್ದು: "ಒತ್ತಡದ ಪಾತ್ರೆಗೆ ಮೊದಲು ನೀರು ತುಂಬಿ, ಬಳಸುವುದಕ್ಕಿಂತ ಹೆಚ್ಚಿನ ಒತ್ತಡ ಕೊಟ್ಟು ನೋಡಿಯೇ ಹೊರಗೆ ಕಳಿಸುವುದು. ಕವಾಟ ಇಲ್ಲದೆ ಕಳಿಸುವುದಿಲ್ಲ." ಮನೆಯ ಕುಕ್ಕರಿಗೂ ಸೀಟಿ ಇದೆ. ಬಾಟಲಿಗೆ ಅಂಥ ಯಾವ ಸೀಟಿಯೂ ಇಲ್ಲ. ಅದು ಮುನ್ಸೂಚನೆ ಕೊಡುವುದಿಲ್ಲ.

ಆದ್ದರಿಂದ ಕಾನೂನು ಒಪ್ಪುವ ಕಡೆ ಬಾಟಲಿ ಮಾಡುವವರು, ಹದ ಬಂದ ಮೇಲೂ ಇಷ್ಟನ್ನು ಪಾಲಿಸುತ್ತಾರೆ:

ಒತ್ತಡಕ್ಕೆಂದೇ ತಯಾರಾದ ಬಿಯರ್ ಬಾಟಲಿ ಮಾತ್ರ ಬಳಸುವುದು. ಜಾಮ್, ಜೇನು, ಸಾಸ್ ಬಾಟಲಿ, ಚೌಕ ಬಾಟಲಿಗಳು ಖಂಡಿತ ಬೇಡ. ಗೀರು ಬಿದ್ದದ್ದು, ಬಾಯಿ ಚಕ್ಕೆ ಹಾರಿದ್ದು ತಿಪ್ಪೆಗೆ.

ನೊರೆಗೆ ಹಾಕುವ ಸಕ್ಕರೆಯನ್ನು ತಕ್ಕಡಿಯಲ್ಲಿ ತೂಗಿ ಹಾಕುವುದು. ಲೀಟರಿಗೆ 6 ಗ್ರಾಂ ಸಾಕು. 20 ಲೀಟರಿಗೆ 120 ಗ್ರಾಂ. ಅದನ್ನು ಸ್ವಲ್ಪ ನೀರಿನಲ್ಲಿ ಕುದಿಸಿ ಆರಿಸಿ, ಇಡೀ ಬಿಯರಿಗೆ ಸಮನಾಗಿ ಬೆರೆಸಿ, ಆಮೇಲೆ ಬಾಟಲಿಗೆ ತುಂಬುವುದು. ಬಾಟಲಿಗೊಂದು ಚಮಚ ಎಂಬ ಅಂದಾಜು ಬೇಡ.

ಮೇಲೆ ಎರಡು ಮೂರು ಸೆಂಟಿಮೀಟರ್ ಜಾಗ ಬಿಡುವುದು.

ಪ್ರತಿ ಸಲವೂ ಒಂದು ಪ್ಲಾಸ್ಟಿಕ್ ಸೋಡಾ ಬಾಟಲಿಗೂ ಅದೇ ಬಿಯರು ತುಂಬುವುದು. ದಿನವೂ ಅದನ್ನು ಒತ್ತಿ ನೋಡಿದರೆ ಗಾಜಿನೊಳಗಿನ ಸಮಾಚಾರ ತಿಳಿಯುತ್ತದೆ. ಅದು ಕಲ್ಲಿನಂತೆ ಗಟ್ಟಿಯಾದರೆ ಉಳಿದವನ್ನು ಕೂಡಲೇ ತಂಪಿಗೆ ಸೇರಿಸುವುದು.

ಬಾಟಲಿಗಳನ್ನು ಮುಚ್ಚಳವಿರುವ ಮರದ ಪೆಟ್ಟಿಗೆಯಲ್ಲಿ, ಮಕ್ಕಳು ಓಡಾಡದ, ಬಿಸಿಲು ತಾಗದ ಜಾಗದಲ್ಲಿ ಇಡುವುದು. ತೆರೆಯುವ ಮುನ್ನ ಚೆನ್ನಾಗಿ ತಣ್ಣಗೆ ಮಾಡುವುದು.

ವಿಷದ ಭಯ, ಒತ್ತಡದ ಭಯ

ಹಳಬರು ಕೇಳುವ ಇನ್ನೊಂದು ಪ್ರಶ್ನೆ ವಿಷದ್ದು. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಳ್ಳ ಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತದ್ದು ನಮ್ಮ ವಯಸ್ಸಿನವರಿಗೆ ಮರೆತಿಲ್ಲ. ಅಲ್ಲಿ ಕೊಂದದ್ದು ಮಿಥೈಲ್ ಆಲ್ಕೋಹಾಲ್ ಎಂಬ ವಿಷ. ಧಾನ್ಯದ ರಸವನ್ನು ಬರಿದೆ ಹುದುಗಿಸಿದಾಗ ಆ ವಿಷ ಅಪಾಯದ ಮಟ್ಟದಲ್ಲಿ ಹುಟ್ಟುವುದಿಲ್ಲ. ಬಟ್ಟಿ ಇಳಿಸುವುದು, ಎಲ್ಲಿಂದಲೋ ತಂದ ಸ್ಪಿರಿಟ್ ಬೆರೆಸುವುದು, ಇವು ಬೇರೆಯೇ ದಾರಿ. ಅತ್ತ ತಿರುಗಿಯೂ ನೋಡಬಾರದು. ಹುದುಗಿಸಿದ ಪಾನೀಯದ ಬಾಟಲಿಯಲ್ಲಿ ಮುಖ್ಯ ಅಪಾಯ ಒತ್ತಡದ್ದು. ವಿಷಕ್ಕೆ ಹೆದರುವವರು ಒತ್ತಡವನ್ನು ಮರೆಯುತ್ತಾರೆ. ಕಣ್ಣು ಕಳೆದುಕೊಳ್ಳಲು ಒಂದು ಚೂರು ಗಾಜು ಸಾಕು.

ನಾವು ಮಾಡಬೇಕಾದದ್ದು

ಹೋಂಸ್ಟೇ ನಡೆಸುವ ಮಿತ್ರರಲ್ಲಿ ನನ್ನ ವಿನಂತಿ ಇಷ್ಟು. ಪರವಾನಗಿ ಇಲ್ಲದೆ ಮದ್ಯಸಾರದ ಪಾನೀಯ ಮಾಡಿ ಅತಿಥಿಗಳಿಗೆ ನೀಡಬೇಡಿ. ಹಣ್ಣಿನಿಂದ ವೈನು ಮಾಡುವ ಉದ್ಯಮವನ್ನೇ ಯೋಚಿಸುವವರು ಮೊದಲು ಅಬಕಾರಿ ಇಲಾಖೆಯಲ್ಲಿ ವಿಚಾರಿಸಿ, ಪರವಾನಗಿ, ತರಬೇತಿ, ತಕ್ಕ ಸಲಕರಣೆ ಇವು ಮೂರೂ ಆದ ಮೇಲೆ ಕೈಹಾಕಿ. ದ್ರಾಕ್ಷಿ ಬೆಳೆಗಾರರಿಗಾಗಿ 2007ರಲ್ಲೇ ರಾಜ್ಯ ಸರ್ಕಾರ ವೈನ್ ನೀತಿಯನ್ನೂ ವೈನ್ ಮಂಡಳಿಯನ್ನೂ ತಂದಿದೆ. ದಾರಿ ಕೇಳುವವರಿಗೆ ದಾರಿ ಇದೆ.

ಉಳಿದವರೆಲ್ಲರಿಗೂ, ಬಿಯರನ್ನು ಕಣ್ಣಲ್ಲಿ ಕಾಣದವರಿಗೂ, ಇದು ಅನ್ವಯಿಸುತ್ತದೆ. ಪಾನಕ, ಕಬ್ಬಿನ ಹಾಲು, ನೀರಂಶ ಹೆಚ್ಚಿರುವ ಜೇನು, ಹಣ್ಣಿನ ರಸ ಇವನ್ನು ಗಾಜಿನಲ್ಲಿ ಬಿಗಿದು ಬೆಚ್ಚಗಿನ ಕಡೆ ಇಡಬೇಡಿ. ಫ್ರಿಜ್ಜಿನಲ್ಲಿಡಿ, ಇಲ್ಲವೇ ಮುಚ್ಚಳವನ್ನು ಸಡಿಲ ಬಿಡಿ, ಇಲ್ಲವೇ ಅಂದೇ ಕುಡಿದು ಮುಗಿಸಿ. ಮುಚ್ಚಳ ಉಬ್ಬಿದ್ದು ಕಂಡರೆ ಬರಿಗೈ ಹಾಕಬೇಡಿ.

ಊರಿಗೆ ಹೊರಟಾಗ ಅಳಿಯ ತನ್ನ ಗಾಜಿನ ಕಡ್ಡಿಯನ್ನು ನನ್ನ ಕೈಗಿತ್ತು, "ನನಗೆ ಇಲ್ಲಿ ಇದರ ಕೆಲಸವಿಲ್ಲ ಮಾವ, ನೀವು ಇಟ್ಟುಕೊಳ್ಳಿ" ಎಂದ. ಅದೀಗ ಉಗ್ರಾಣದಲ್ಲಿ ಫೋರ್ಲಿಟ್ ಡಬ್ಬದ ಪಕ್ಕದಲ್ಲಿದೆ. ಈ ವರ್ಷವೂ ಹಬ್ಬಕ್ಕೆ ಶುಂಠಿ ಪಾನಕ ಮಾಡಿದೆವು. ಮಿಕ್ಕದ್ದನ್ನು ಸಂಜೆಯೇ ಕೊಯ್ಲಿನ ಆಳುಗಳಿಗೆ ಹಂಚಿದೆವು. ಗೋಣಿಯನ್ನು ಸೀಳಿದ್ದ ಆ ಗಾಜಿನ ಚೂರನ್ನು ಮನೆಯಾಕೆ ಎಸೆಯಲು ಬಿಟ್ಟಿಲ್ಲ. ಕಪಾಟಿನ ಮೇಲೆ, ನನ್ನ ಕಣ್ಣಿಗೆ ಬೀಳುವ ಕಡೆಯೇ ಇಟ್ಟಿದ್ದಾಳೆ.